ಐದು ಲಕ್ಷದೊಳಗೆ ಹಳೇ ಆಟೊಮ್ಯಾಟಿಕ್ ಕಾರು: ಮೊದಲು ಗೇರ್‌ಬಾಕ್ಸ್ ಆರಿಸಿ, ಆಮೇಲೆ ಗಾಡಿ

ಮೂರೂವರೆಯಿಂದ ಐದು ಲಕ್ಷ ಹಿಡಿದುಕೊಂಡು ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಸೆಕೆಂಡ್ ಹ್ಯಾಂಡ್ ಆಟೊಮ್ಯಾಟಿಕ್ ಹುಡುಕಲು ಹೊರಟರೆ ಸೆಲೆರಿಯೊ, ಗ್ರ್ಯಾಂಡ್ ಐ10, ಬ್ರಿಯೊ, ಹಳೇ ಜಾಝ್, ಒಮ್ಮೊಮ್ಮೆ ಪೋಲೊ ಕೂಡ ಹೆಚ್ಚುಕಡಿಮೆ ಒಂದೇ ಬೆಲೆಗೆ ಎದುರು ಬಂದು ನಿಲ್ಲುತ್ತವೆ. ಎಲ್ಲದರಲ್ಲೂ ಎರಡೇ ಪೆಡಲ್. ಹಾಗಾಗಿ ಜನ ಬಣ್ಣ, ಮಾಡೆಲ್, ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನು ನೋಡಿ ಮಾತು ಮುಗಿಸುತ್ತಾರೆ. ಆದರೆ ಈ ಗಾಡಿಗಳ ಹೊಟ್ಟೆಯೊಳಗೆ ಇರುವುದು ನಾಲ್ಕು ಬೇರೆ ಬೇರೆ ಯಂತ್ರಗಳು. ಅವು ಕೆಡುವ ರೀತಿ ಬೇರೆ, ಕೆಟ್ಟಾಗ ಬರುವ ಬಿಲ್ಲೂ ಬೇರೆ. ಒಂದರ ರಿಪೇರಿ ಸಾವಿರಗಳ ಲೆಕ್ಕದಲ್ಲಿ ಮುಗಿಯುತ್ತದೆ, ಇನ್ನೊಂದರದು ಲಕ್ಷ ದಾಟಬಹುದು. ಕೈಯಲ್ಲಿ ಹಣ ಕಡಿಮೆ ಇರುವವರು ಮೊದಲು ನೋಡಬೇಕಾದದ್ದು ಈ ವ್ಯತ್ಯಾಸವನ್ನು.

ಹಣದ ವಿಷಯದಲ್ಲಿ ಒಂದೇ ಮಾತು. ಒಟ್ಟು ನಾಲ್ಕು ಲಕ್ಷ ಇದ್ದರೆ ಗಾಡಿಗೆ ಮೂರೂವರೆ ಮಾತ್ರ. ಉಳಿದ ಐವತ್ತು ಸಾವಿರ ವರ್ಗಾವಣೆ, ಇನ್ಶೂರೆನ್ಸ್, ಆಯಿಲ್, ಟೈರು, ಬ್ಯಾಟರಿಗೆ. ಪೂರ್ತಿ ಹಣ ಗಾಡಿಗೇ ಸುರಿದವರು ಮೊದಲ ಆಯಿಲ್ ಬದಲಾವಣೆಯನ್ನೇ ಮುಂದೂಡುತ್ತಾರೆ. ಹಳೇ ಆಟೊಮ್ಯಾಟಿಕ್ ಹಾಳಾಗಲು ಅಷ್ಟು ಸಾಕು.

ಎಎಂಟಿ: ಎರಡು ಪೆಡಲಿನ ಮ್ಯಾನುವಲ್

ಈ ಬಜೆಟ್ಟಿನಲ್ಲಿ ಅತಿ ಹೆಚ್ಚು ಸಿಗುವುದು ಎಎಂಟಿ. 2014ರಲ್ಲಿ ಸೆಲೆರಿಯೊ ಜೊತೆ ನಮ್ಮಲ್ಲಿಗೆ ಬಂತು. ಮಾರುತಿಯವರು ಇದನ್ನು ಆಟೊ ಗೇರ್ ಶಿಫ್ಟ್ ಎನ್ನುತ್ತಾರೆ. ಆಮೇಲೆ ಆಲ್ಟೊ ಕೆ10, ವ್ಯಾಗನ್ ಆರ್, ಇಗ್ನಿಸ್, ಕ್ವಿಡ್, ಟಿಯಾಗೊ, 2018ರ ಸ್ಯಾಂಟ್ರೊ ಎಲ್ಲಕ್ಕೂ ಬಂತು. ಒಳಗಿರುವುದು ಮ್ಯಾನುವಲ್ ಗಾಡಿಯದೇ ಕ್ಲಚ್ ಪ್ಲೇಟ್, ಅದೇ ಐದು ಗೇರಿನ ಡಬ್ಬಿ. ನಿಮ್ಮ ಎಡಗಾಲು, ಎಡಗೈ ಮಾಡುತ್ತಿದ್ದ ಕೆಲಸವನ್ನು ಆಕ್ಚುಯೇಟರ್ ಮಾಡುತ್ತದೆ, ಅಷ್ಟೆ.

ಇದರಿಂದ ಲಾಭ ಎರಡು. ಮೈಲೇಜ್ ಮ್ಯಾನುವಲ್ಲಿನ ಹತ್ತಿರ ಇರುತ್ತದೆ. ಕ್ಲಚ್ ಸವೆದರೆ ಡಬ್ಬಿ ಇಳಿಸಿ ಪ್ಲೇಟ್ ಹಾಕುವ ಕೈ ನಮ್ಮೂರಲ್ಲೇ ಸಿಗುತ್ತದೆ. ಆದರೆ ಹೊಸ ಪ್ಲೇಟ್ ಹಾಕಿದ ಮೇಲೆ ಸ್ಕ್ಯಾನರ್ ಚುಚ್ಚಿ, ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದನ್ನು ಗಾಡಿಯ ಕಂಪ್ಯೂಟರಿಗೆ ಮತ್ತೆ ಕಲಿಸಬೇಕು. ಇದನ್ನು ಬಿಟ್ಟುಬಿಟ್ಟರೆ ಹೊಸ ಪ್ಲೇಟಿನಲ್ಲೂ ಗಾಡಿ ಜರ್ಕ್ ಹೊಡೆಯುತ್ತದೆ, ಮಾಲೀಕರು ಬೇಸತ್ತು ಮಾರಿಬಿಡುತ್ತಾರೆ. ಹಾಗೆ ಮಾರಾಟಕ್ಕೆ ಬಂದ ಗಾಡಿ ಒಮ್ಮೊಮ್ಮೆ ಒಳ್ಳೆಯ ವ್ಯಾಪಾರವೇ, ಸ್ಕ್ಯಾನರ್ ಇರುವ ಮೆಕ್ಯಾನಿಕ್ ನಿಮ್ಮ ಜೊತೆಗಿದ್ದರೆ.

ಕ್ಲಚ್ ಸೆಟ್ ಸವೆಯುವ ಸಾಮಾನು, ಅದರ ಖರ್ಚು ತಡೆದುಕೊಳ್ಳಬಹುದು. ಹೆದರಬೇಕಾದದ್ದು ಆಕ್ಚುಯೇಟರಿಗೆ, ಅದು ಹತ್ತಾರು ಸಾವಿರದ ಮಾತು. ಸೆಲೆರಿಯೊ, ವ್ಯಾಗನ್ ಆರ್‌ನಂಥ ಗಾಡಿಗಳಲ್ಲಿ ಇದು ಹೈಡ್ರಾಲಿಕ್: ಒಂದು ಸಣ್ಣ ವಿದ್ಯುತ್ ಪಂಪು, ಒತ್ತಡ ಹಿಡಿದಿಡುವ ಒಂದು ಡಬ್ಬಿ, ಸ್ವಲ್ಪ ಆಯಿಲ್. ಇದರ ಆರೋಗ್ಯ ತಿಳಿಯಲು ಕಿವಿಯೇ ಸಾಕು. ಸದ್ದಿಲ್ಲದ ಹೊತ್ತಿನಲ್ಲಿ, ರಾತ್ರಿಯೆಲ್ಲ ನಿಂತಿದ್ದ ಗಾಡಿಯ ಡ್ರೈವರ್ ಬಾಗಿಲು ತೆಗೆಯಿರಿ. ಬಾನೆಟ್ ಕಡೆಯಿಂದ ಒಂದೆರಡು ಸೆಕೆಂಡ್ ಗುಂಯ್ ಎನ್ನುವ ಸದ್ದು ಬಂದು ನಿಲ್ಲುತ್ತದೆ. ಪಂಪು ಒತ್ತಡ ಏರಿಸಿಕೊಳ್ಳುವ ಸದ್ದು ಅದು, ಬರಲೇಬೇಕು. ಈಗ ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಲಿವರ್ ಮುಟ್ಟದೆ ಸುಮ್ಮನೆ ಕೂತುಕೊಳ್ಳಿ. ಯಾರೂ ಗೇರ್ ಹಾಕದಿದ್ದರೂ ಕೆಲವೇ ಸೆಕೆಂಡಿಗೊಮ್ಮೆ ಆ ಗುಂಯ್ ಮತ್ತೆ ಮತ್ತೆ ಬಂದರೆ ಒತ್ತಡ ಎಲ್ಲೋ ಸೋರುತ್ತಿದೆ. ಬಿಡುವಿಲ್ಲದೆ ತಿರುಗುವ ಪಂಪು ಬೇಗ ಸುಡುತ್ತದೆ. ಅಂಥ ಗಾಡಿಯನ್ನು ಐವತ್ತು ಸಾವಿರ ಕಡಿಮೆಗೆ ಕೊಟ್ಟರೂ ಯೋಚಿಸಿ. ಮಾರುವವರು ಇದನ್ನು ಹೇಳುವುದಿಲ್ಲ. ಬಹಳ ಸಲ ಅವರಿಗೇ ಗೊತ್ತಿರುವುದಿಲ್ಲ.

ಕ್ಲಚ್ ನೋಡುವುದು ಓಡಿಸುವಾಗ. ಮ್ಯಾನುವಲ್ ಮೋಡಿಗೆ ಹಾಕಿ, ನಾಲ್ಕನೇ ಗೇರಿನಲ್ಲಿ 45 ಕಿ.ಮೀ. ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರನ್ನು ಮುಕ್ಕಾಲು ಒತ್ತಿ. ಪೂರ್ತಿ ಒತ್ತಿದರೆ ತಾನೇ ಗೇರ್ ಇಳಿಸಿಬಿಡಬಹುದು, ಆಗ ಏನೂ ಗೊತ್ತಾಗುವುದಿಲ್ಲ. ಆರ್‌ಪಿಎಂ ಮುಳ್ಳು ಮೇಲೇರಿ ಎಂಜಿನ್ ಕೂಗಿಕೊಂಡರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಕ್ವಿಡ್‌ನಲ್ಲಿ ಮ್ಯಾನುವಲ್ ಮೋಡ್ ಇಲ್ಲ, ತಿರುಗಿಸುವ ಗುಂಡಿಯಷ್ಟೇ. ಅದರಲ್ಲಿ ಏರಿನಲ್ಲೇ ಪರೀಕ್ಷಿಸಬೇಕು.

ಈ ಏರಿನ ವಿಷಯ ನಮ್ಮ ಎರಡು ಊರಿಗೂ ಮುಖ್ಯ. ದಾವಣಗೆರೆ ಬಹುಮಟ್ಟಿಗೆ ಸಮತಟ್ಟು, ಇಲ್ಲಿ ಸವೆದ ಕ್ಲಚ್ ಕೂಡ ಚೆನ್ನಾಗಿಯೇ ಓಡುತ್ತದೆ. ಯಾವುದಾದರೂ ಕಟ್ಟಡದ ನೆಲಮಾಳಿಗೆ ಪಾರ್ಕಿಂಗಿಗೆ ಇಳಿಸಿ, ಅಲ್ಲಿಂದ ರಿವರ್ಸ್‌ನಲ್ಲಿ ಹತ್ತಿಸಿ ನೋಡಿ. ಚಿತ್ರದುರ್ಗದಲ್ಲಿ ಜೋಗಿಮಟ್ಟಿ ಕಡೆಯ ಏರು ಕೈಯಳತೆಯಲ್ಲೇ ಇದೆ. ಏರಿನ ಮಧ್ಯೆ ನಿಲ್ಲಿಸಿ, ನಾಲ್ಕು ಜನ ಕೂತು, ಎಸಿ ಹಾಕಿ ಹೊರಡಿಸಿ. ಸುಟ್ಟ ವಾಸನೆ ಬಂದರೆ, ಬೀಪ್ ಶಬ್ದದ ಜೊತೆ ಡ್ಯಾಶ್‌ಬೋರ್ಡಿನಲ್ಲಿ ಗೇರಿನ ದೀಪ ಮಿಣುಕಿದರೆ ಅಲ್ಲಿಗೇ ಬಿಡಿ.

ಇನ್ನೊಂದು ಮಾತು ಕೇಳಿಬರುತ್ತದೆ: "ಅಣ್ಣ, ಆಟೊಮ್ಯಾಟಿಕ್ ಅಂದ್ರೆ ಹಿಂಗೇ ಜರ್ಕ್ ಹೊಡೀತದೆ." ಅರ್ಧ ನಿಜ. ಒಂದರಿಂದ ಎರಡಕ್ಕೆ ಹೋಗುವಾಗ ತಲೆ ಸ್ವಲ್ಪ ಮುಂದೆ ಬಾಗುವಂತಾಗುವುದು ಎಎಂಟಿಯ ಸ್ವಭಾವ. ಗಾಡಿ ಹೊರಡುವಾಗ ಇಡೀ ಬಾಡಿ ಗಡಗಡ ನಡುಗುವುದು ಸ್ವಭಾವವಲ್ಲ, ಕ್ಲಚ್ ಅಥವಾ ಎಂಜಿನ್ ಮೌಂಟಿಂಗ್ (ಎಂಜಿನ್ ಕೂರುವ ರಬ್ಬರ್ ಆಧಾರ) ಹೋಗಿರುವುದು. ಮೌಂಟಿಂಗ್ ಆಗಿದ್ದರೆ ಖರ್ಚು ಅಲ್ಪ, ಚೌಕಾಶಿಗೆ ಒಳ್ಳೆಯ ಕಾರಣ.

ಎಎಂಟಿಯಲ್ಲಿ ಎಷ್ಟು ಕಿಲೋಮೀಟರ್ ಎನ್ನುವುದಕ್ಕಿಂತ ಎಲ್ಲಿ ಓಡಿದ ಕಿಲೋಮೀಟರ್ ಎನ್ನುವುದು ಮುಖ್ಯ. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಇಂಚಿಂಚಾಗಿ ತೆವಳಿದ 40,000 ಕಿ.ಮೀ. ಗಾಡಿಗಿಂತ, ದಾವಣಗೆರೆಯಿಂದ ಹುಬ್ಬಳ್ಳಿಗೋ ಹಿರಿಯೂರಿಗೋ ಹೈವೇಯಲ್ಲಿ ಓಡಾಡಿದ 70,000 ಕಿ.ಮೀ. ಗಾಡಿಯ ಕ್ಲಚ್ ಹೆಚ್ಚು ಉಳಿದಿರುತ್ತದೆ. ಬೆಂಗಳೂರು ನೋಂದಣಿಯ ಎಎಂಟಿ ಅಗ್ಗಕ್ಕೆ ಸಿಕ್ಕರೆ ಹೊಸ ಕ್ಲಚ್ಚಿನ ಖರ್ಚನ್ನು ಬೆಲೆಗೆ ಕೂಡಿಸಿಯೇ ಲೆಕ್ಕ ಹಾಕಿ.

ಟಾರ್ಕ್ ಕನ್ವರ್ಟರ್: ಹಳೆಯದು, ಗಟ್ಟಿ, ಪೆಟ್ರೋಲ್ ಜಾಸ್ತಿ

ಇದರಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಕ್ಲಚ್ ಪ್ಲೇಟಿನ ಬದಲು ಆಯಿಲಿನಲ್ಲಿ ತಿರುಗುವ ರೆಕ್ಕೆಗಳಿವೆ. ಉಜ್ಜಿ ಸವೆಯುವುದು ಕಡಿಮೆ. ಐ10 ಕಪ್ಪಾ 1.2, ಗ್ರ್ಯಾಂಡ್ ಐ10 ಪೆಟ್ರೋಲ್, ರಿಟ್ಜ್, ಹಿಂದಿನ ಡಿಸೈರ್‌ಗಳಲ್ಲಿ 4 ಸ್ಪೀಡಿನದು. ಬ್ರಿಯೊ ಹಾಗೂ 2016ಕ್ಕಿಂತ ಮುಂಚಿನ ಅಮೇಜ್ ಪೆಟ್ರೋಲ್‌ನಲ್ಲಿ 5 ಸ್ಪೀಡಿನದು. ಮೊಣಕಾಲು ನೋವಿನಿಂದಾಗಿ ಆಟೊಮ್ಯಾಟಿಕ್ ಹುಡುಕುವ ಹಿರಿಯರಿಗೆ, ಊರೊಳಗೇ ಓಡಾಡುವವರಿಗೆ ನಾವು ಮೊದಲು ಹೇಳುವುದು ಇದನ್ನೇ. ಬ್ರೇಕ್ ಬಿಟ್ಟರೆ ಮೆಲ್ಲಗೆ ತಾನೇ ಮುಂದೆ ಹೋಗುತ್ತದೆ, ಏರಿನಲ್ಲಿ ಹಿಂದೆ ಜಾರುವ ಭಯ ಕಡಿಮೆ, ಜರ್ಕ್ ಇಲ್ಲ.

ತೊಂದರೆ ಪೆಟ್ರೋಲಿನದು. ಊರೊಳಗೆ ಎಎಂಟಿ ಲೀಟರಿಗೆ 16 ಕೊಟ್ಟು, ಹಳೇ 4 ಸ್ಪೀಡ್ 11 ಕೊಡುತ್ತದೆ ಎಂದುಕೊಳ್ಳಿ, ಪೆಟ್ರೋಲಿಗೆ 100 ರೂಪಾಯಿ ಹಿಡಿಯಿರಿ. ತಿಂಗಳಿಗೆ 1,000 ಕಿ.ಮೀ. ಓಡಿಸುವವರಿಗೆ ಸುಮಾರು 2,800 ರೂಪಾಯಿ ವ್ಯತ್ಯಾಸ, ವರ್ಷಕ್ಕೆ ಮೂವತ್ತು ಸಾವಿರದ ಮೇಲೆ. ತಿಂಗಳಿಗೆ 400 ಕಿ.ಮೀ. ಅಷ್ಟೇ ಓಡಿಸುವವರಿಗೆ ಅದೇ ವ್ಯತ್ಯಾಸ ಸಾವಿರದ ಚಿಲ್ಲರೆ. ವಿದ್ಯಾನಗರದಿಂದ ಮಂಡಿಪೇಟೆಗೆ, ಆಸ್ಪತ್ರೆಗೆ, ಮದುವೆ ಮನೆಗೆ ಹೋಗಿಬರುವ ಗಾಡಿಗೆ ಮೈಲೇಜ್ ಚಿಂತೆ ಬೇಡ.

ಪರೀಕ್ಷೆ ಹೀಗೆ. ಎಂಜಿನ್ ಬಿಸಿಯಾದ ಮೇಲೆ ಬ್ರೇಕ್ ಒತ್ತಿಟ್ಟು ಪಿ (ಪಾರ್ಕ್) ಇಂದ ಆರ್ (ರಿವರ್ಸ್), ಆರ್ ಇಂದ ಡಿ (ಡ್ರೈವ್), ಪ್ರತಿಸಲ ಎರಡೆರಡು ಸೆಕೆಂಡ್ ಬಿಟ್ಟು ಹಾಕಿ. ಗೇರ್ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಮೆತ್ತಗೆ ಕೂರಬೇಕು. ಎರಡು ಸೆಕೆಂಡ್ ಮೀರಿದರೆ ಒಳಗೆ ಒತ್ತಡ ಕಡಿಮೆ. ಧಡ್ ಎಂದು ಗುದ್ದಿದರೆ ಮೌಂಟಿಂಗ್ ಇರಬಹುದು, ಒಳಗೆ ಆಯಿಲ್ ಒತ್ತಡ ಹಂಚುವ ವಾಲ್ವ್ ಬಾಡಿಯೂ ಇರಬಹುದು. ಆಯಿಲ್ ಕಡ್ಡಿ ಇರುವ ಗಾಡಿಯಲ್ಲಿ ಅದನ್ನು ಎಳೆದು ಬಿಳಿ ಕಾಗದಕ್ಕೆ ಒಂದು ಹನಿ ಬಿಡಿ. ಮಟ್ಟ ನೋಡುವ ಕ್ರಮ ಎಲ್ಲ ಗಾಡಿಗೂ ಒಂದೇ ಅಲ್ಲ: ಹ್ಯುಂಡೈನಲ್ಲಿ ಎಂಜಿನ್ ಓಡುತ್ತಿರುವಾಗ, ಹೋಂಡಾದಲ್ಲಿ ಬಿಸಿಯಾದ ಎಂಜಿನ್ ಆರಿಸಿದ ಕೂಡಲೇ. ಹನಿ ಕೆಂಪಾಗಿ ತಿಳಿಯಾಗಿದ್ದರೆ ಸರಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಆಯಿಲ್ ಬದಲಿಸುವ ಹೊತ್ತು ಮೀರಿದೆ. ಕಪ್ಪಗಿದ್ದು ಸುಟ್ಟ ವಾಸನೆ ಬಂದರೆ, ಬಿಸಿಲಿಗೆ ಹಿಡಿದಾಗ ಲೋಹದ ಪುಡಿ ಮಿನುಗಿದರೆ ಹಿಂದಿರುಗಿ ನೋಡದೆ ಬನ್ನಿ.

ನಮ್ಮ ಕಡೆಯ ಗಾಡಿಗಳಲ್ಲಿ ರೇಡಿಯೇಟರ್ ಮುಚ್ಚಳ ತೆಗೆದು ನೋಡಲೇಬೇಕು, ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ. ಹಲವು ಆಟೊಮ್ಯಾಟಿಕ್‌ಗಳಲ್ಲಿ ಗೇರ್ ಆಯಿಲ್ ತಣ್ಣಗಾಗುವುದು ರೇಡಿಯೇಟರಿನ ಕೆಳಗಿನ ತೊಟ್ಟಿಯಲ್ಲಿರುವ ಸಣ್ಣ ಕೊಳವೆಯಿಂದ. ಚಿತ್ರದುರ್ಗ ಸೀಮೆಯ ಬೋರ್‌ವೆಲ್ ನೀರು ಗಡಸು. ಕೂಲೆಂಟ್ ಬದಲು ವರ್ಷಾನುಗಟ್ಟಲೆ ಅದನ್ನೇ ಸುರಿದ ರೇಡಿಯೇಟರಿನಲ್ಲಿ, ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವಂತೆಯೇ ಬಿಳಿ ಹಕ್ಕಳೆ ಕಟ್ಟುತ್ತದೆ. ಏಪ್ರಿಲ್ ಬಿಸಿಲಿಗೆ ಮೊದಲು ಎಂಜಿನ್ ಕಾಯುತ್ತದೆ, ಹಿಂದೆಯೇ ಗೇರ್ ಆಯಿಲ್ ಬೇಯುತ್ತದೆ. ಮುಚ್ಚಳದೊಳಗೆ ಹಸಿರು ಅಥವಾ ಗುಲಾಬಿ ಬಣ್ಣದ ತಿಳಿ ಕೂಲೆಂಟ್ ಕಂಡರೆ ಸಮಾಧಾನ. ತುಕ್ಕಿನ ನೀರು ಕಂಡರೆ ಬೆಲೆ ಇಳಿಸಿ ಕೇಳಿ. ಹಾಲು ಬೆರೆಸಿದಂಥ ಗುಲಾಬಿ ನೊರೆ ಕಂಡರೆ ಆಯಿಲ್ ಮತ್ತು ಕೂಲೆಂಟ್ ಒಂದಕ್ಕೊಂದು ಬೆರೆತಿವೆ, ಆ ಗೇರ್‌ಬಾಕ್ಸ್ ಹೆಚ್ಚು ದಿನದ್ದಲ್ಲ.

ಸಿವಿಟಿ: ನುಣುಪು ಸವಾರಿ, ಆಯಿಲ್ ಮೇಲೆ ಪ್ರಾಣ

2014ರ ನಂತರದ ಹೋಂಡಾ ಸಿಟಿ, 2015ರ ನಂತರದ ಜಾಝ್ ಮತ್ತು ಬಲೆನೊ, 2016ರ ನಂತರದ ಅಮೇಜ್ ಪೆಟ್ರೋಲ್, ನಿಸಾನ್ ಮೈಕ್ರಾ. ಬಲೆನೊ 2022ರಿಂದ ಎಎಂಟಿಗೆ ಹೋಯಿತು, ಆದ್ದರಿಂದ ಬಲೆನೊ ಆಟೊಮ್ಯಾಟಿಕ್ ಎಂದರೆ ಯಾವ ವರ್ಷದ್ದು ಎಂದು ಕೇಳಬೇಕು. ಸಿವಿಟಿಯಲ್ಲಿ ಗೇರುಗಳೇ ಇಲ್ಲ. ಎರಡು ಪುಲ್ಲಿ, ಮಧ್ಯೆ ಉಕ್ಕಿನ ಬೆಲ್ಟ್. ಪುಲ್ಲಿಯ ಅಗಲ ಬದಲಾದಂತೆ ವೇಗ ಬದಲಾಗುತ್ತದೆ. ಸವಾರಿಯಲ್ಲಿ ಇದರಷ್ಟು ನುಣುಪು ಈ ಬೆಲೆಗೆ ಬೇರೆ ಇಲ್ಲ. ಮೈಲೇಜೂ ಹಳೇ 4 ಸ್ಪೀಡಿಗಿಂತ ವಾಸಿ.

ಆದರೆ ಬೆಲ್ಟ್ ಜಾರದಂತೆ ಹಿಡಿಯುವುದು ಆಯಿಲಿನ ಗುಣ ಮತ್ತು ಒತ್ತಡ. ಸಿವಿಟಿಗೆಂದೇ ತಯಾರಾದ, ಆ ಕಂಪನಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಬೇಕು. ಯಾವುದೋ ಗ್ಯಾರೇಜಿನಲ್ಲಿ ಸಾಮಾನ್ಯ ಗೇರ್ ಆಯಿಲ್ ಸುರಿದಿದ್ದರೆ ಬೆಲ್ಟ್ ಜಾರಿ ಪುಲ್ಲಿಗೆ ಗೀರು ಬೀಳುತ್ತದೆ, ಮುಂದೆ ಇಡೀ ಡಬ್ಬಿ ಬದಲಿಸುವುದೊಂದೇ ದಾರಿ. ಹಾಗಾಗಿ ಸಿವಿಟಿ ಕೊಳ್ಳುವವರಿಗೆ ನಮ್ಮ ಷರತ್ತು ಒಂದೇ: 40,000 ಕಿ.ಮೀ. ಆಸುಪಾಸಿನಲ್ಲಿ ಒಮ್ಮೆಯಾದರೂ ಸಿವಿಟಿ ಆಯಿಲ್ ಬದಲಿಸಿದ ಬಿಲ್ ತೋರಿಸಬೇಕು. ಬಿಲ್ ಇಲ್ಲ, ಗಾಡಿ 80,000 ದಾಟಿದೆ ಎಂದರೆ ಬೇಡ.

ಓಡಿಸುವಾಗ 10ರಿಂದ 30 ಕಿ.ಮೀ. ನಡುವೆ ಮೆಲ್ಲಗೆ ವೇಗ ಹೆಚ್ಚಿಸಿ. ಅಲ್ಲಿ ಕಂಪನ ಬಂದರೆ ಕೆಟ್ಟ ಸೂಚನೆ. ಒತ್ತಿದಾಗ ಎಂಜಿನ್ ಸದ್ದು ಮೊದಲು, ವೇಗ ಆಮೇಲೆ ಬರುವುದು ಸಿವಿಟಿಯ ಸಹಜ ಗುಣ, ಅದಕ್ಕೆ ಹೆದರಬೇಡಿ. ಸಿವಿಟಿಯ ಕಾಯಿಲೆ ಬಿಸಿಯಾದ ಮೇಲೆ ಹೊರಬೀಳುತ್ತದೆ. ಬಡಾವಣೆಯೊಳಗೆ ಹತ್ತು ನಿಮಿಷ ಸುತ್ತಿದರೆ ಸಾಲದು. ಹೈವೇಗೆ ಹತ್ತಿಸಿ ಅರ್ಧ ಗಂಟೆ ಓಡಿಸಿ, ಬಂದ ಕೂಡಲೇ ನಿಲ್ಲಿಸಿ ರಿವರ್ಸ್ ಹಾಕಿ, ಮತ್ತೆ ಡಿ ಹಾಕಿ ಹೊರಡಿ. ತಣ್ಣಗಿದ್ದಾಗ ಇಲ್ಲದ ತಡವರಿಕೆ ಆಗ ಕಂಡರೆ ಗಾಡಿ ನಿಮ್ಮದಲ್ಲ. ಮೈಕ್ರಾ ಅಗ್ಗಕ್ಕೆ ಸಿಗುತ್ತದೆ, ಆದರೆ ಬಿಡಿಭಾಗಕ್ಕೆ ದೊಡ್ಡ ಊರಿಗೆ ಅಲೆಯಬೇಕಾದೀತು. ಬಿಗಿ ಬಜೆಟ್ಟಿನವರಿಗೆ ನಾವು ಹೇಳುವುದಿಲ್ಲ.

ಡಿಎಸ್‌ಜಿ

ಪೋಲೊ ಜಿಟಿ ಟಿಎಸ್‌ಐ, ವೆಂಟೊ, ರ‍್ಯಾಪಿಡ್‌ಗಳ 7 ಸ್ಪೀಡಿನ ಈ ಡಬ್ಬಿಯಲ್ಲಿ ಎರಡು ಒಣ ಕ್ಲಚ್ಚುಗಳಿವೆ. ಹೈವೇಯಲ್ಲಿ ಅದ್ಭುತ. ಆದರೆ ಗೇರ್ ಬದಲಿಸುವ ಮೆಕಟ್ರಾನಿಕ್ಸ್ ಘಟಕ ಹೋದರೆ ಲಕ್ಷದ ಮಾತು, ಎರಡು ಜಿಲ್ಲೆಯಲ್ಲೂ ಅದನ್ನು ಬಿಚ್ಚಿ ಸರಿಮಾಡುವ ಕೈ ಹುಡುಕುವುದು ಕಷ್ಟ. ಐದು ಲಕ್ಷದೊಳಗಿನವರು ಇದನ್ನು ಪಟ್ಟಿಯಿಂದಲೇ ತೆಗೆದುಹಾಕಿ.

ಹಾಗಾದರೆ ಯಾರಿಗೆ ಯಾವುದು?

ದಿನಾ ಹರಿಹರ, ಚನ್ನಗಿರಿ, ಹಿರಿಯೂರು ಕಡೆ ಕೆಲಸಕ್ಕೆ ಓಡಾಡಿ ತಿಂಗಳಿಗೆ 1,000 ಕಿ.ಮೀ. ದಾಟುವವರಿಗೆ ಎಎಂಟಿ, ಅದರಲ್ಲೂ ವ್ಯಾಗನ್ ಆರ್ ಅಥವಾ ಸೆಲೆರಿಯೊ. ಬಿಡಿಭಾಗ ಎಲ್ಲೆಡೆ ಸಿಗುತ್ತದೆ, ಮತ್ತೆ ಮಾರುವಾಗಲೂ ಕೈ ಕಚ್ಚುವುದಿಲ್ಲ. ಜಗಳೂರು, ಚಳ್ಳಕೆರೆಯಂಥ ರಸ್ತೆಗಳಲ್ಲಿ ಮೆಕ್ಕೆಜೋಳದ ಟ್ರ್ಯಾಕ್ಟರ್ ಹಿಂದಿಕ್ಕುವಾಗ ಮಾತ್ರ ಎಚ್ಚರ: ಗೇರ್ ಇಳಿಸಲು ಎಎಂಟಿ ಒಂದು ಕ್ಷಣ ತಡೆಯುತ್ತದೆ. ಮೊದಲೇ ಮ್ಯಾನುವಲ್ ಮೋಡಿನಲ್ಲಿ ಮೂರಕ್ಕೆ ಇಳಿಸಿಕೊಂಡು ಹೊರಗೆ ಬನ್ನಿ. ಊರೊಳಗಿನ ಅಲ್ಪ ಓಡಾಟಕ್ಕೆ ಬ್ರಿಯೊ, ಇಲ್ಲವೇ ಗ್ರ್ಯಾಂಡ್ ಐ10. ನಮ್ಮ ಆಯ್ಕೆ ಬ್ರಿಯೊ: ಒಂದು ಗೇರ್ ಹೆಚ್ಚು. ಡಿಕ್ಕಿ ಮಾತ್ರ ಬಹಳ ಚಿಕ್ಕದು, ಎರಡು ಚೀಲ ಅಕ್ಕಿ ಹಾಕಿದರೆ ತುಂಬಿತು. ಐದು ಜನರ ಸಂಸಾರ, ತಿಂಗಳಿಗೆರಡು ಸಲ ಬೆಂಗಳೂರು ಎನ್ನುವವರಿಗೆ ಪೂರ್ತಿ ಸರ್ವಿಸ್ ಬಿಲ್ ಇರುವ ಜಾಝ್ ಅಥವಾ ಅಮೇಜ್ ಸಿವಿಟಿ. ಬಿಲ್ ಇಲ್ಲದ ಸಿವಿಟಿ ಮತ್ತು ಬಿಲ್ ಇಲ್ಲದ ವ್ಯಾಗನ್ ಆರ್ ಎದುರಿಗಿದ್ದರೆ ಎರಡು ಮಾತಿಲ್ಲದೆ ವ್ಯಾಗನ್ ಆರ್.

ನೋಡಲು ಹೋಗುವ ದಿನ

ಬೆಳಿಗ್ಗೆ ಏಳಕ್ಕೆ ಬರುತ್ತೇವೆ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ದಿನವೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಟ್ಟಿದ್ದಾರೆ ಎಂದೇ ಅನುಮಾನಿಸಿ.

ಸ್ಕ್ಯಾನರ್ ಇರುವ ಮೆಕ್ಯಾನಿಕ್ಕಿಗೆ ಅರ್ಧ ದಿನದ ಕೂಲಿ ಕೊಟ್ಟು ಕರೆದೊಯ್ಯಿರಿ. ಈ ಹಣ ಉಳಿಸಬೇಡಿ. ದೋಷದ ಕೋಡ್ ಇಲ್ಲ ಎಂದರೆ ಸಾಲದು. ಕೋಡ್ ಅಳಿಸಿದ ಮೇಲೆ ಎಷ್ಟು ಕಿ.ಮೀ. ಓಡಿದೆ ಎಂಬುದನ್ನೂ ಸ್ಕ್ಯಾನರ್ ತೋರಿಸುತ್ತದೆ. ಅಲ್ಲಿ 12 ಕಿ.ಮೀ. ಎಂದಿದ್ದರೆ ನಿನ್ನೆ ಯಾರೋ ಅಳಿಸಿದ್ದಾರೆ.

ಮೀಟರ್ ತಿರುಗಿಸಿದ್ದಾರೋ ಎಂದು ತಿಳಿಯಲು ಬ್ರೇಕ್ ಪೆಡಲಿನ ರಬ್ಬರ್ ನೋಡಿ. ಆಟೊಮ್ಯಾಟಿಕ್‌ನಲ್ಲಿ ಅದು ಬೇಗ ಸವೆಯುತ್ತದೆ. 30,000 ಕಿ.ಮೀ. ಎಂದು ಹೇಳುವ ಗಾಡಿಯಲ್ಲಿ ರಬ್ಬರಿನ ಗೆರೆಗಳು ಮಾಯವಾಗಿದ್ದರೆ ಮೀಟರ್ ಸುಳ್ಳು. ಟೈರಿನ ಪಕ್ಕದ ನಾಲ್ಕಂಕಿಯಲ್ಲಿ 2319 ಎಂದಿದ್ದರೆ 2019ರ 23ನೇ ವಾರದ್ದು. ಐದನೇ ಟೈರ್ ಅಂದರೆ ಸ್ಟೆಪ್ನಿಯದನ್ನೂ ಓದಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಎಷ್ಟೋ ಕಾರು ನೀರಲ್ಲಿ ಮುಳುಗಿದವು. ಅಂಥವು ಜಿಲ್ಲೆಗಳಲ್ಲಿ ಮಾರಾಟಕ್ಕೆ ಬರಬಹುದು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ತುದಿಯಲ್ಲಿ ಕೆಸರಿನ ಗೆರೆ, ಸೀಟಿನ ಕೆಳಗಿನ ಹಳಿಯಲ್ಲಿ ತುಕ್ಕು, ಸ್ಟೆಪ್ನಿ ಗುಂಡಿಯಲ್ಲಿ ಒಣಗಿದ ಮಣ್ಣು, ಇವುಗಳಲ್ಲಿ ಒಂದು ಕಂಡರೂ ಬೇಡ. ನೀರು ನುಗ್ಗಿದ ಆಟೊಮ್ಯಾಟಿಕ್‌ನ ವೈರಿಂಗ್ ಯಾವತ್ತೂ ನೆಮ್ಮದಿ ಕೊಡುವುದಿಲ್ಲ.

ಕಾಗದಪತ್ರ

ಇನ್ಶೂರೆನ್ಸ್ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಷ್ಟಿದೆ ನೋಡಿ. ಕ್ಲೇಮ್ ಇಲ್ಲದೆ ಹೋದರೆ ಅದು 20, 25, 35, 45, 50 ಶೇಕಡಾ ಎಂದು ಏರುತ್ತದೆ. ಒಬ್ಬರೇ ಮಾಲೀಕರ ಏಳು ವರ್ಷದ ಗಾಡಿಯಲ್ಲಿ ಸೊನ್ನೆ ಇದ್ದರೆ ಇತ್ತೀಚೆಗೆ ಕ್ಲೇಮ್ ಆಗಿರಬೇಕು, ಇಲ್ಲವೇ ಪಾಲಿಸಿ ಮುಗಿದು 90 ದಿನ ದಾಟಿರಬೇಕು. ಯಾವುದು ಎಂದು ಕೇಳಿ. ಈ ಬೋನಸ್ ಮಾಲೀಕರದ್ದು, ಗಾಡಿಯದಲ್ಲ, ನಿಮಗೆ ಬರುವುದಿಲ್ಲ. ವರ್ಗಾವಣೆಯಾದ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿ.

ಆರ್‌ಸಿ ವರ್ಗಾವಣೆಗೆ ಫಾರಂ 29 ಮತ್ತು 30. ಸಾಲದ ಗಾಡಿಯಾಗಿದ್ದರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35 ಕೊಟ್ಟು ಆರ್‌ಸಿಯಲ್ಲಿರುವ ಸಾಲದ ನಮೂದು (ಎಚ್‌ಪಿ) ತೆಗೆಸಿದ ಮೇಲೆಯೇ ಪೂರ್ತಿ ಹಣ. ಬಾಕಿ ದಂಡಗಳನ್ನು ಗಾಡಿ ನಂಬರ್ ಹಾಕಿ ಪರಿವಾಹನ್ ತಾಣದಲ್ಲಿ ನೋಡಿಕೊಳ್ಳಿ. ಕೆಎ 16, ಕೆಎ 17 ಗಾಡಿಯಾದರೆ ಹಿಂದಿನ ಮಾಲೀಕರನ್ನೇ ಹುಡುಕಿ ಮಾತಾಡಿಸಬಹುದು, ಅದಕ್ಕಿಂತ ದೊಡ್ಡ ವರದಿ ಬೇರೆ ಇಲ್ಲ. ಮೊಳಕಾಲ್ಮುರು, ಚಳ್ಳಕೆರೆ ಕಡೆ ಆಂಧ್ರ ನೋಂದಣಿಯ ಗಾಡಿ ಅಗ್ಗವಾಗಿ ಕಾಣಬಹುದು. ಅದಕ್ಕೆ ಅಲ್ಲಿಂದ ಫಾರಂ 28ರ ಎನ್‌ಒಸಿ ತಂದು ಇಲ್ಲಿ ಮತ್ತೆ ಜೀವಿತಾವಧಿ ತೆರಿಗೆ ಕಟ್ಟಬೇಕು. ಕೂಡಿಸಿ ನೋಡಿದರೆ ಅಗ್ಗ ಉಳಿಯುವುದು ಅಪರೂಪ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆದ್ದರಿಂದ ಹನ್ನೊಂದು ವರ್ಷ ದಾಟಿದ್ದನ್ನು ಬಿಡಿ.

ತಂದ ಮೊದಲ ವಾರ

ಟಾರ್ಕ್ ಕನ್ವರ್ಟರ್, ಸಿವಿಟಿ ಆದರೆ ಗೇರ್ ಆಯಿಲನ್ನು ಕಂಪನಿ ಹೇಳಿದ ದರ್ಜೆಯದೇ ಹಾಕಿಸಿ. ಎಎಂಟಿ ಆದರೆ ಗೇರ್ ಆಯಿಲ್, ಆಕ್ಚುಯೇಟರ್ ಆಯಿಲಿನ ಮಟ್ಟ, ಒಮ್ಮೆ ಕ್ಲಚ್ ಲರ್ನಿಂಗ್. ಬ್ಯಾಟರಿ ಮೂರು ವರ್ಷ ದಾಟಿದ್ದರೆ ಬದಲಿಸಿ. ವೋಲ್ಟೇಜ್ ಇಳಿದರೆ ಎಎಂಟಿ ಗೇರ್ ಹಾಕಲು ತಡವರಿಸುತ್ತದೆ, ತಳ್ಳಿ ಸ್ಟಾರ್ಟ್ ಮಾಡುವಂತೆಯೂ ಇಲ್ಲ. ಎಎಂಟಿಯಲ್ಲಿ ಪಿ ಇಲ್ಲ. ನಿಲ್ಲಿಸುವಾಗ ಬ್ರೇಕ್ ಒತ್ತಿ ಡಿ ಅಥವಾ ಆರ್‌ನಲ್ಲಿಯೇ ಕೀ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿ ನಿಲ್ಲಿಸಿಕೊಳ್ಳಬೇಡಿ, ಬ್ರೇಕಿನಲ್ಲೇ ನಿಲ್ಲಿಸಿ. ರೈಲ್ವೆ ಗೇಟ್ ಬಿದ್ದರೆ ನ್ಯೂಟ್ರಲ್‌ಗೆ (ಎನ್) ಹಾಕಿ. ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಇಷ್ಟನ್ನು ತೋರಿಸಿಕೊಡಿ, ಒಬ್ಬರ ಅಭ್ಯಾಸ ಕೆಟ್ಟಿದ್ದರೂ ಕ್ಲಚ್ ಸವೆಯುತ್ತದೆ.

ಹೈವೇಯಲ್ಲಿ ಸಿವಿಟಿಯೋ ಟಾರ್ಕ್ ಕನ್ವರ್ಟರೋ ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಆರಿದಾಗ ಒಳಗಿನ ಆಯಿಲ್ ಪಂಪು ತಿರುಗುವುದಿಲ್ಲ, ಚಕ್ರ ಉರುಳಿದಷ್ಟೂ ಒಳಗೆ ಒಣಗಿ ಉಜ್ಜುತ್ತದೆ. ಮುಂದಿನ ಎರಡು ಚಕ್ರ ಎತ್ತಿ ಒಯ್ಯಬೇಕು, ಇಲ್ಲವೇ ಇಡೀ ಗಾಡಿಯನ್ನು ಲಾರಿ ಮೇಲೆ ಹಾಕಬೇಕು. ಇನ್ಶೂರೆನ್ಸ್ ಮಾಡಿಸುವಾಗಲೇ ರೋಡ್‌ಸೈಡ್ ಅಸಿಸ್ಟೆನ್ಸ್ ಸೇರಿಸಿ, ಆ ನಂಬರನ್ನು ಗ್ಲೋವ್ ಬಾಕ್ಸಿನ ಒಳಮುಚ್ಚಳಕ್ಕೆ ಬರೆದು ಅಂಟಿಸಿ.